ಮರದ ಬೇಲಿ, ಬಣ್ಣ ಮತ್ತು ಆರೋಗ್ಯ

ಮನೆಯೆಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲ. ಮನೆಯ ಮೇರೆಯೂ ಮನೆಯೇ. ಮಲೆನಾಡಿನ ತೋಟದ ಬಾಯಲ್ಲಿರುವ ಉಣುಗೋಲು, ಕರಾವಳಿಯ ಅಂಗಳದ ಅಂಚಿನ ತಡಮೆ, ಬಯಲುಸೀಮೆಯ ಕಲ್ಲುಕಂಬದ ಬೇಲಿ, ಇವುಗಳನ್ನು ದಾಟಿದ ಮೇಲೆಯೇ ಮನೆಗೆ ಬಂದೆನೆಂಬ ಭಾವ ಮೂಡುತ್ತದೆ. ಮಳೆಗಾಲ ಮುಗಿದೊಡನೆ ಬೇಲಿಯ ದುರಸ್ತಿಗೆ ತೊಡಗುವುದು ಊರಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲದ ವಾರ್ಷಿಕ ಕರ್ತವ್ಯ.

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗನಿಗೆ ಬೇಲಿಯ ರೂಪ ಬದಲಾಯಿತು. ಚಾಳಿನ ಉದ್ದನೆಯ ಗ್ಯಾಲರಿಗೆ ಅಡ್ಡಲಾಗಿ ನಿಂತ, ಮರಾಠಿಯಲ್ಲಿ ‘ಕಠಡಾ’ ಎನಿಸಿಕೊಳ್ಳುವ ಮರದ ಕಟಾಂಜನವೇ ಅವನ ಬೇಲಿ. ಅದರ ಮೇಲೆ ಬಟ್ಟೆ ಒಣಗುತ್ತದೆ, ಅದಕ್ಕೆ ಒರಗಿಕೊಂಡೇ ನೆರೆಹೊರೆಯ ಮಾತುಕತೆ ನಡೆಯುತ್ತದೆ, ಅದರ ಸಂದಿನಿಂದಲೇ ಮಗು ಮೊದಲ ಬಾರಿಗೆ ಲೋಕವನ್ನು ನೋಡುತ್ತದೆ. ಗಿರಗಾಂವದ ಖೋತಾಚಿ ವಾಡಿಯಲ್ಲಿ, ಮಝಗಾಂವದ ಮಾಥಾರ್‌ಪಾಖಾಡಿಯಲ್ಲಿ, ಬಾಂದ್ರಾದ ರಾನ್‌ವಾರಿನಲ್ಲಿ ಮರದ ಜಗಲಿ, ಮರದ ಮೆಟ್ಟಿಲು, ಮರದ ಕಟಾಂಜನಗಳುಳ್ಳ ಹಳೆಯ ಮನೆಗಳು ಇಂದಿಗೂ ಕೆಲವು ಉಳಿದಿವೆ. ಮುಲುಂಡ್, ಠಾಣೆ, ಡೊಂಬಿವಲಿಗಳ ಗೃಹಸಂಘಗಳಲ್ಲಿ ನೆಲಅಂತಸ್ತಿನವರು ತುಳಸಿ, ದಾಸವಾಳಗಳ ಸುತ್ತ ಮರದ ಪಟ್ಟಿಗಳ ಪುಟ್ಟ ಬೇಲಿಯನ್ನು ನಿಲ್ಲಿಸಿಕೊಳ್ಳುವುದೂ ಉಂಟು.

ಇಂಥ ಬೇಲಿಗೆ ತಾವೇ ಬಣ್ಣ ಹಚ್ಚುವುದು ಕಷ್ಟದ ಕೆಲಸವಲ್ಲ. ಆದರೆ ತಿಳಿಯದೆ ಮಾಡಿದರೆ ಮರವೂ ಉಳಿಯುವುದಿಲ್ಲ, ಆರೋಗ್ಯಕ್ಕೂ ಕುತ್ತು. ‘ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ’ ಎಂಬ ಗಾದೆ ಈ ವಿಷಯದಲ್ಲಿ ಅಕ್ಷರಶಃ ನಿಜವಾಗಬಹುದು. ರಕ್ಷಣೆಗೆಂದು ಬಳಿದ ಬಣ್ಣವೇ ಮನೆಯ ಮಗುವಿನ ರಕ್ತವನ್ನು ಸೇರುವುದೆಂದರೆ ಬೇಲಿ ಹೊಲವನ್ನು ಮೇಯ್ದಂತೆಯೇ ಅಲ್ಲವೆ?

ಮರಕ್ಕೆ ಬರುವ ರೋಗಗಳು

ಕತ್ತರಿಸಿ ಪಟ್ಟಿಯಾಗಿಸಿದ ಮೇಲೂ ಮರವು ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ಹೀರಿದಾಗ ಅಡ್ಡಗಲಕ್ಕೆ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಬಹುಮಟ್ಟಿಗೆ ಇದ್ದ ಹಾಗೆಯೇ ಇರುತ್ತದೆ. ಜೂನಿನಲ್ಲಿ ಮುಚ್ಚಲಾರದೆ ಹಟಹಿಡಿದ ಕಿಟಕಿಯ ಬಾಗಿಲು ಜನವರಿಯಲ್ಲಿ ತಾನಾಗಿಯೇ ಮುಚ್ಚಿಕೊಳ್ಳುವುದರ ರಹಸ್ಯ ಇದು. ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದುದನ್ನು ಆ ದಿನ ನೀರಿನಲ್ಲಿ ನಡೆದು ಮನೆ ಸೇರಿದವರಾರೂ ಮರೆಯಲಾರರು. ಇಂಥ ಊರಿನಲ್ಲಿ ಹೊರಗೆ ನಿಂತ ಮರದ ಪಾಡು ಸುಲಭವಲ್ಲ.

ಮರದ ಶತ್ರುಗಳು ಮುಖ್ಯವಾಗಿ ಮೂರು. ಮೊದಲನೆಯದು ಬಿಸಿಲು. ಸೂರ್ಯನ ನೇರಳಾತೀತ ಕಿರಣಗಳು ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವನ್ನು ಒಡೆಯುತ್ತವೆ; ಮಳೆ ಅದನ್ನು ತೊಳೆದೊಯ್ಯುತ್ತದೆ; ಮರ ಬೂದುಬಣ್ಣಕ್ಕೆ ತಿರುಗುತ್ತದೆ. ಇದು ಚರ್ಮರೋಗವಿದ್ದಂತೆ, ಮೇಲ್ಮೈಗಷ್ಟೇ ಸೀಮಿತ. ಎರಡನೆಯದು ಶಿಲೀಂಧ್ರ. ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿರುವವರೆಗೆ ಕೊಳೆಯಿಸುವ ಶಿಲೀಂಧ್ರ ಬೆಳೆಯಲಾರದು; ಅದಕ್ಕಿಂತ ಬಹಳ ಮೇಲೇರಿ ಹಾಗೆಯೇ ನಿಂತರೆ ಒಳಗಿಂದೊಳಗೆ ಕೊಳೆತ ಆರಂಭವಾಗುತ್ತದೆ. ಮೂರನೆಯದು ಗೆದ್ದಲು. ಇದು ನೆಲದಿಂದ ಮಣ್ಣಿನ ಸುರಂಗ ಕಟ್ಟಿಕೊಂಡು ಮೇಲೇರುತ್ತದೆ.

ಈ ಮೂರೂ ಮರವನ್ನು ಒಂದೇ ಸಮನಾಗಿ ಆಕ್ರಮಿಸುವುದಿಲ್ಲ. ಕಂಬವು ನೆಲವನ್ನು ಸೇರುವೆಡೆ, ಅಡ್ಡಪಟ್ಟಿಯು ಕಂಬವನ್ನು ಸೇರುವ ಸಂದು, ಪಟ್ಟಿಯ ಕತ್ತರಿಸಿದ ಮೇಲ್ತುದಿ, ಈ ಮೂರು ಕಡೆಗಳಲ್ಲೇ ರೋಗ ಮೊದಲು ಕಾಣಿಸಿಕೊಳ್ಳುತ್ತದೆ. ಕತ್ತರಿಸಿದ ತುದಿಯೆಂದರೆ ಸಾವಿರಾರು ಸಣ್ಣ ಕೊಳವೆಗಳ ತೆರೆದ ಬಾಯಿ; ಮರದ ಪಕ್ಕಗಳಿಗಿಂತ ಹಲವು ಪಟ್ಟು ಬೇಗನೆ ನೀರು ಅಲ್ಲಿಂದ ಒಳನುಗ್ಗುತ್ತದೆ. ಬಣ್ಣ ಹಚ್ಚುವವರು ಕಣ್ಣಿಗೆ ಕಾಣುವ ಅಗಲವಾದ ಮುಖಕ್ಕೆ ಎರಡು ಬಾರಿ ಹಚ್ಚಿ, ಕಾಣದ ತುದಿಯನ್ನು ಮರೆತುಬಿಡುವುದೇ ವಾಡಿಕೆ. ವಾಸ್ತವದಲ್ಲಿ ಮೊದಲ ಹಕ್ಕು ತುದಿಯದು.

ಬಣ್ಣ ಬೇರೆ, ಸ್ಟೇನ್ ಬೇರೆ

ಅಂಗಡಿಯಲ್ಲಿ ದೊರೆಯುವ ದ್ರವ್ಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಇನಾಮೆಲ್‌ನಂಥ ಬಣ್ಣವು ಮರದ ಮೇಲೆ ಚರ್ಮದಂತೆ ಒಂದು ಪೊರೆಯಾಗಿ ಕುಳಿತುಕೊಳ್ಳುತ್ತದೆ. ವಾರ್ನಿಷು ಬಣ್ಣವಿಲ್ಲದ ಪೊರೆ. ಸ್ಟೇನ್ ಎಂಬುದು ಎಣ್ಣೆ ಅಥವಾ ನೀರಿನಲ್ಲಿ ಕದಡಿದ ವರ್ಣದ್ರವ್ಯ. ಅದು ಮರದೊಳಕ್ಕೆ ಇಂಗಿ ನಾರುಗಳಿಗೆ ಅಂಟಿಕೊಳ್ಳುತ್ತದೆ, ಮರದ ಗೆರೆಗಳು ಕಾಣುತ್ತಲೇ ಇರುತ್ತವೆ.

ಹೊರಗಿನ ಬೇಲಿಗೆ ಈ ವ್ಯತ್ಯಾಸವೇ ನಿರ್ಣಾಯಕ. ಪೊರೆ ಅಖಂಡವಾಗಿರುವವರೆಗೆ ಬಣ್ಣದ ರಕ್ಷಣೆ ಅತ್ಯುತ್ತಮ. ಆದರೆ ಉಬ್ಬಿ ಕುಗ್ಗುವ ಮರದ ಮೇಲೆ ಪೊರೆಯು ಎಲ್ಲಿಯೋ ಒಂದೆಡೆ ಬಿರಿಯುತ್ತದೆ. ಒಳಹೊಕ್ಕ ನೀರಿಗೆ ಹೊರಬರಲು ಅದೇ ಪೊರೆ ಅಡ್ಡಿಯಾಗುತ್ತದೆ. ಬಣ್ಣ ಗುಳ್ಳೆಯೆದ್ದು ಸುಲಿಯುತ್ತದೆ. ಅನಂತರ ಹೊಸದಾಗಿ ಹಚ್ಚಬೇಕಾದರೆ ಹಳೆಯದನ್ನೆಲ್ಲ ಕೆರೆದು ತೆಗೆಯಬೇಕು. ಸ್ಟೇನ್ ಸುಲಿಯುವುದಿಲ್ಲ, ಮಾಸುತ್ತದೆ. ಮಾಸಿದಾಗ ತೊಳೆದು ಒಣಗಿಸಿ ಮತ್ತೊಂದು ಸಲ ಹಚ್ಚಿದರಾಯಿತು. ಮುಂಬಯಿಯ ಹವೆಯಲ್ಲಿ ಎರಡು ಮೂರು ವರ್ಷಗಳಿಗೊಮ್ಮೆ ಈ ಕೆಲಸ ಬೀಳಬಹುದು. ವಾಣಿಜ್ಯದ ಪರಿಭಾಷೆಯಲ್ಲಿ ಹೇಳುವುದಾದರೆ, ಬಣ್ಣವು ದೊಡ್ಡ ಮೊತ್ತದ ಬಂಡವಾಳ ವೆಚ್ಚ. ಸ್ಟೇನ್ ಸಣ್ಣ ಕಂತುಗಳ ನಿರ್ವಹಣಾ ವೆಚ್ಚ. ಸ್ವತಃ ಕೆಲಸ ಮಾಡುವವನಿಗೆ ಎರಡನೆಯದೇ ಹಿತ.

ವರ್ಣದ್ರವ್ಯವಿಲ್ಲದ ಪಾರದರ್ಶಕ ವಾರ್ನಿಷನ್ನು ಬಿಸಿಲಿಗೆ ಒಡ್ಡಿದ ಬೇಲಿಗೆ ಹಚ್ಚುವುದು ವ್ಯರ್ಥ. ಬಿಸಿಲು ಅದರ ಮೂಲಕ ಹಾಯ್ದು ಒಳಗಿನ ಮರವನ್ನೇ ಒಡೆಯುತ್ತದೆ. ಸ್ಟೇನಿನಲ್ಲಿರುವ ಕಂದು, ಕೆಂಪು ಲೋಹಭಸ್ಮದ ಕಣಗಳು ಅಲಂಕಾರವಷ್ಟೇ ಅಲ್ಲ, ಮರಕ್ಕೆ ಕೊಡೆಯೂ ಹೌದು. ಬಣ್ಣ ಗಾಢವಾದಷ್ಟೂ ನೆರಳು ಹೆಚ್ಚು.

ತಾನೇ ಬಣ್ಣ ಹಚ್ಚುವ ಹುಮ್ಮಸ್ಸಿಗೆ ಈ ನಗರದಲ್ಲಿ ಒಂದು ಕನ್ನಡದ ನಂಟೂ ಇದೆ. 1942ರಲ್ಲಿ ಗಿರಗಾಂವದ ಒಂದು ಗ್ಯಾರೇಜಿನಲ್ಲಿ ಮೊದಲಾದ ಏಷ್ಯನ್ ಪೇಂಟ್ಸ್ ಸಂಸ್ಥೆಗಾಗಿ 1954ರಲ್ಲಿ ಕೈಯಲ್ಲಿ ಕುಂಚ ಹಿಡಿದ ಕೆದರುಗೂದಲಿನ ತುಂಟ ಹುಡುಗ ‘ಗಟ್ಟು’ವನ್ನು ಚಿತ್ರಿಸಿದವರು ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಆರ್. ಕೆ. ಲಕ್ಷ್ಮಣ್. ಅಂಗಡಿಗಳ ಫಲಕಗಳ ಮೇಲೆ ದಶಕಗಳ ಕಾಲ ಆ ಹುಡುಗ ನಗುತ್ತಿದ್ದ.

ಊರಿನ ಎಣ್ಣೆಗಳು

ಡಬ್ಬಿಯ ಸ್ಟೇನ್ ಬರುವ ಮೊದಲೂ ಮರವನ್ನು ಕಾಯುವ ವಿದ್ಯೆ ನಮ್ಮವರಿಗೆ ತಿಳಿಯದ್ದಲ್ಲ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಮಾಡಿನ ಪಕಾಸು, ಬಾಗಿಲ ದಾರಂದ, ಮೀನುಗಾರರ ದೋಣಿಗಳಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯನ್ನು ಹಚ್ಚುವ ಪದ್ಧತಿ ಬಹುಕಾಲದ್ದು. ಗೆದ್ದಲು ಅದರ ಬಳಿ ಸುಳಿಯುವುದಿಲ್ಲ. ಆದರೆ ಗೆದ್ದಲನ್ನು ಓಡಿಸುವ ಆ ಖಾರವೇ ಮನುಷ್ಯನ ಚರ್ಮವನ್ನೂ ಸುಡುತ್ತದೆ. ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿದ ತಾಯಂದಿರ ಕೈಬೆರಳುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನಿಂದ ಬಾಟಲಿಯಲ್ಲಿ ತಂದ ಗೇರೆಣ್ಣೆಯನ್ನು ಬಳಸುವವರು ಉದ್ದ ತೋಳಿನ ಅಂಗಿ, ದಪ್ಪ ರಬ್ಬರ್ ಕೈಗವಸು, ಕನ್ನಡಕಗಳಿಲ್ಲದೆ ಮುಟ್ಟಬಾರದು. ಮಕ್ಕಳ ಕೈ ಸೋಕುವ ಕಟಾಂಜನಕ್ಕೆ ಅದನ್ನು ಹಚ್ಚಲೇಬಾರದು. ನೆಲದೊಳಗೆ ಹೂಳುವ ಕಂಬದ ಬುಡಕ್ಕಷ್ಟೇ ಅದು ಯೋಗ್ಯ.

ಅಗಸೆ ಎಣ್ಣೆ ಇನ್ನೊಂದು ಹಳೆಯ ಮದ್ದು. ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆದರೆ ಬರಿಯ ಅಗಸೆ ಎಣ್ಣೆ ಮುಂಬಯಿಯ ತೇವದಲ್ಲಿ ಬೂಷ್ಟಿಗೆ ಆಹಾರವಾಗಿ ಕಪ್ಪಾಗುತ್ತದೆ. ಅರಗಿನಿಂದ ಮಾಡುವ ಪಾಲಿಶ್ ಚನ್ನಪಟ್ಟಣದ ಬೊಂಬೆಗೆ, ದಿವಾನಖಾನೆಯ ಕುರ್ಚಿಗೆ ಚೆಂದ. ಮಳೆಯಲ್ಲಿ ನಿಲ್ಲುವ ಬೇಲಿಗೆ ಸಲ್ಲದು, ನೀರು ತಗುಲಿದಲ್ಲಿ ಬಿಳಿಚಿಕೊಳ್ಳುತ್ತದೆ.

ಕೆಲವು ಮರಗಳು ಅಂಗಡಿಗೆ ಬರುವಾಗಲೇ ಔಷಧ ಕುಡಿದಿರುತ್ತವೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಒತ್ತಡದಿಂದ ಮರದೊಳಗೆ ತುಂಬುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವರು ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಭಾರತೀಯ ವಿಜ್ಞಾನಿ ಸೋಂಟಿ ಕಾಮೇಶಂ. ತಂತಿಕಂಬ, ರೈಲ್ವೆ ಸ್ಲೀಪರುಗಳಿಗೆ ಅದು ವರದಾನವಾಗಿ ಜಗತ್ತಿನಾದ್ಯಂತ ಹಬ್ಬಿತು. ಆದರೆ ಆರ್ಸೆನಿಕ್ ಪಾಷಾಣವೇ ತಾನೆ? ಅಮೆರಿಕದಲ್ಲಿ ಮನೆಯ ಬೇಲಿ, ಮಕ್ಕಳ ಆಟದ ಸಲಕರಣೆಗಳಿಗೆ ಅದರ ಬಳಕೆ 2003ರ ಅಂತ್ಯಕ್ಕೆ ನಿಂತಿತು. ಹಸಿರು ಛಾಯೆಯ ಹಳೆಯ ಸಂಸ್ಕರಿತ ಮರವನ್ನು ಉಜ್ಜಬಾರದು, ಸುಡಬಾರದು. ಬಂದರಿನಿಂದ ಬರುವ ಪ್ಯಾಕಿಂಗ್ ಪೈನ್ ಮರದಿಂದ ಅಗ್ಗದ ಬೇಲಿ ಮಾಡಿಸಿಕೊಳ್ಳುವವರು ಹಲಗೆಯ ಮೇಲಿನ ಮುದ್ರೆಯನ್ನು ನೋಡಬೇಕು: ‘ಎಚ್‌ಟಿ’ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ತೆಗೆದುಕೊಳ್ಳಬಹುದು, ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಬಿಡುವುದು ಮೇಲು.

ಹಳೆಯ ಬಣ್ಣದಲ್ಲಿ ಅಡಗಿದ ಸೀಸ

ಈ ಲೇಖನದ ಅತಿ ಮುಖ್ಯ ಭಾಗ ಇದು. ಸಫೇತಾ ಎಂಬ ಬಿಳಿಯ ಬಣ್ಣ, ಕಬ್ಬಿಣಕ್ಕೂ ಮರಕ್ಕೂ ಅಸ್ತರಿಯಾಗಿ ಬಳಿಯುತ್ತಿದ್ದ ಕೆಂಪು ಸಿಂಧೂರ, ಉಜ್ವಲವಾದ ಹಳದಿ, ಇವೆಲ್ಲ ಬಹುಕಾಲದವರೆಗೆ ಸೀಸದ ಲವಣಗಳಿಂದಲೇ ತಯಾರಾಗುತ್ತಿದ್ದವು. ಬಣ್ಣ ಬೇಗ ಒಣಗಲೆಂದು ಸಹ ಸೀಸವನ್ನು ಬೆರೆಸುತ್ತಿದ್ದರು. ಅಮೆರಿಕ 1978ರಲ್ಲೇ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿತು. ಭಾರತದಲ್ಲಿ ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳ ಕುರಿತ ನಿಯಮ ಪ್ರಕಟವಾದದ್ದು 2016ರ ನವೆಂಬರ್ 1ರಂದು. ಒಂದು ವರ್ಷದ ಬಳಿಕ, 2017ರ ನವೆಂಬರ್‌ನಿಂದ, ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರುವ ಇಂಥ ಬಣ್ಣವನ್ನು ತಯಾರಿಸುವಂತಿಲ್ಲ ಎಂದಾಯಿತು. ಅರ್ಥಾತ್ ಅದಕ್ಕೆ ಮುಂಚೆ ಬಳಿದ ಯಾವ ಬಣ್ಣವನ್ನೂ ನಿರ್ದೋಷಿಯೆಂದು ಮೊದಲೇ ನಂಬುವಂತಿಲ್ಲ. ಚಾಳಿನ ಹಳೆಯ ಕಟಾಂಜನದ ಮೇಲೆ ಮೂರು ತಲೆಮಾರುಗಳ ಬಣ್ಣ ಪದರಪದರವಾಗಿ ಕುಳಿತಿರುತ್ತದೆ.

ಸೀಸವು ಮುಖ್ಯವಾಗಿ ಮಕ್ಕಳ ಶತ್ರು. ನುಂಗಿದ ಸೀಸವನ್ನು ಮಗುವಿನ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಹೀರಿದ ಸೀಸ ರಕ್ತವನ್ನು ಕುಂದಿಸುತ್ತದೆ, ಎಲುಬಿನಲ್ಲಿ ಕ್ಯಾಲ್ಸಿಯಂನ ವೇಷ ಧರಿಸಿ ಸೇರಿಕೊಳ್ಳುತ್ತದೆ, ಬೆಳೆಯುತ್ತಿರುವ ಮಿದುಳನ್ನು ಕೆಡಿಸುತ್ತದೆ. ಜ್ವರವಿಲ್ಲ, ನೋವಿಲ್ಲ, ಪಾಠದಲ್ಲಿ ಗಮನ ನಿಲ್ಲದು, ಬುದ್ಧಿ ಚುರುಕಾಗದು. ತಂದೆತಾಯಿಗಳು ಹುಡುಗ ಸೋಮಾರಿಯೆಂದು ಬೈಯುತ್ತಾರೆ. ಇಷ್ಟರವರೆಗೆ ಸುರಕ್ಷಿತವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. 1990ರ ದಶಕದ ಕೊನೆಯಲ್ಲಿ ಬೆಂಗಳೂರು, ಮುಂಬಯಿ ಸೇರಿದಂತೆ ದೇಶದ ಮಹಾನಗರಗಳಲ್ಲಿ ನಡೆದ ಸಮೀಕ್ಷೆಯೊಂದು ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಅಂದಿನ ಮಿತಿಯನ್ನು ಮೀರಿದ ಸೀಸವನ್ನು ಕಂಡಿತು. ಈ ಕಾರ್ಯದಲ್ಲಿ ಶ್ರಮಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. ಅಂದು ಮುಖ್ಯ ಅಪರಾಧಿ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸ. 2000ದಲ್ಲಿ ದೇಶದಾದ್ಯಂತ ಅದು ನಿಂತಿತು. ಹಳೆಯ ಬಣ್ಣದಲ್ಲಿನ ಸೀಸ ಮಾತ್ರ ಇದ್ದಲ್ಲಿಯೇ ಇದೆ.

ಗಟ್ಟಿಯಾಗಿ ಅಂಟಿಕೊಂಡ ಹಳೆಯ ಬಣ್ಣದಿಂದ ಅಪಾಯ ಅಲ್ಪ. ಅದನ್ನು ಒಣಗಿದಂತೆಯೇ ಸ್ಯಾಂಡ್‌ಪೇಪರಿನಿಂದ ಉಜ್ಜಿ ಧೂಳೆಬ್ಬಿಸಿದಾಗ, ಬೆಂಕಿ ಹಿಡಿದು ಸುಲಿದಾಗ ಅಪಾಯ ಎದ್ದು ನಿಲ್ಲುತ್ತದೆ. ಆ ಧೂಳು ಗ್ಯಾಲರಿಯ ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ಕೈಯನ್ನು ನೆಲಕ್ಕೂರಿ, ಅದೇ ಕೈಯನ್ನು ಬಾಯಿಗಿಡುತ್ತದೆ. ಹಲ್ಲು ಮೊಳೆಯುವ ಮಗು ಕಟಾಂಜನವನ್ನೇ ಕಚ್ಚುವುದೂ ಉಂಟು. ಆದುದರಿಂದ ನಿರ್ಧಾರ ಹೀಗಿರಲಿ:

ಬೇಲಿ ಹೊಸದಾಗಿದ್ದರೆ ಅಥವಾ ಎಂದೂ ಬಣ್ಣ ಕಾಣದ್ದಾಗಿದ್ದರೆ ಸ್ಟೇನ್ ಹಚ್ಚಬಹುದು.

ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಸುಲಿಯುವ ಗೋಜಿಗೆ ಹೋಗದೆ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೀಸರಹಿತ ಹೊಸ ಬಣ್ಣವನ್ನು ಮೇಲೆ ಬಳಿಯಬೇಕು. ಸ್ಟೇನ್ ಇಲ್ಲಿ ಕೆಲಸಕ್ಕೆ ಬಾರದು. ಪೊರೆಯ ಮೂಲಕ ಅದು ಇಂಗಲಾರದು.

ಹಳೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದರೆ, ಸಾಧ್ಯವಾದಲ್ಲಿ ಆ ಪಟ್ಟಿಯನ್ನೇ ಬದಲಾಯಿಸುವುದು ಕ್ಷೇಮ. ಸಾಧ್ಯವಾಗದಿದ್ದರೆ ನೀರು ಚಿಮುಕಿಸಿ ಒದ್ದೆಯಾಗಿರುವಾಗಲೇ ಮೆಲ್ಲನೆ ಕೆರೆಯಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು. ಮುಖಕ್ಕೆ ಎನ್-95 ಮುಖಗವಸು ಇರಬೇಕು, ಕರವಸ್ತ್ರ ಸಾಲದು. ಗರ್ಭಿಣಿಯರೂ ಮಕ್ಕಳೂ ಆ ದಿನ ಬಂಧುಗಳ ಮನೆಯಲ್ಲಿರುವುದು ಒಳ್ಳೆಯದು. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿ, ಅಪಾಯಕಾರಿ ಗೃಹತ್ಯಾಜ್ಯವೆಂದು ಬೇರೆಯಾಗಿಯೇ ಕೊಡಬೇಕು. ತೊಟ್ಟ ಬಟ್ಟೆಯನ್ನು ಉಳಿದ ಬಟ್ಟೆಗಳೊಡನೆ ಒಗೆಯಬಾರದು.

ಕಳಚಿದ ಹಳೆಯ ಪಟ್ಟಿಗಳನ್ನು ಸ್ನಾನದ ನೀರು ಕಾಯಿಸುವ ಬಂಬಿಗೋ ಹೋಳಿಯ ರಾಶಿಗೋ ಹಾಕುವವರಿದ್ದಾರೆ. ಸೀಸದ ಬಣ್ಣ ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಸೀಸವೇ. ಹಾಗೆಯೇ ಕಾರ್ಖಾನೆಯಲ್ಲಿ ಮಿಕ್ಕ ಬಣ್ಣ ಬಿಟ್ಟಿ ಸಿಕ್ಕಿತೆಂದು ಮನೆಗೆ ತರಬಾರದು. ಮೇಲೆ ಹೇಳಿದ ನಿಯಮ ಗೃಹಬಳಕೆಯ ಬಣ್ಣಕ್ಕೆ ಅನ್ವಯಿಸುತ್ತದೆಯೇ ಹೊರತು ಕೈಗಾರಿಕಾ ಬಣ್ಣಕ್ಕಲ್ಲ. ಮಗುವಿನ ಬಗ್ಗೆ ಸಂಶಯವಿದ್ದರೆ ವೈದ್ಯರ ಸಲಹೆಯಂತೆ ರಕ್ತದ ಸೀಸಪರೀಕ್ಷೆ ಮಾಡಿಸಬಹುದು. ಕಬ್ಬಿಣಾಂಶ, ಕ್ಯಾಲ್ಸಿಯಂಗಳ ಕೊರತೆಯಿರುವ ದೇಹ ಸೀಸವನ್ನು ಹೆಚ್ಚು ಹೀರುವುದರಿಂದ ರಾಗಿ, ಹಾಲು, ಸೊಪ್ಪು, ಬೇಳೆಗಳು ಊಟದಲ್ಲಿರಲಿ. ಆದರೆ ಅವು ಎಚ್ಚರಿಕೆಗೆ ಬದಲಿಯಲ್ಲ.

ಕಾಲವೂ ಲೆಕ್ಕವೂ

ಗಣಪತಿ, ದಸರಾ, ದೀಪಾವಳಿಗಳ ಮುನ್ನ ಮನೆಗೆ ಬಣ್ಣ ಹೊಡೆಯುವ ಸಂಪ್ರದಾಯ ಗೋಡೆಗೆ ಸರಿ. ಹೊರಗಿನ ಮರಕ್ಕೆ ಸರಿಯಲ್ಲ. ಮುಂಬಯಿಗೆ ಮುಂಗಾರು ಕಾಲಿಡುವ ಸಾಮಾನ್ಯ ದಿನಾಂಕ ಜೂನ್ 11, ಹಿಂದೆಗೆಯುವುದು ಅಕ್ಟೋಬರ್ 8. ನಾಲ್ಕು ತಿಂಗಳು ನೀರು ಕುಡಿದ ಮರ ಒಂದೇ ವಾರದಲ್ಲಿ ಒಣಗದು. ನವೆಂಬರ್ ನಡುವಿನಿಂದ ಫೆಬ್ರವರಿಯವರೆಗೆ ಅತ್ಯುತ್ತಮ ಕಾಲ. ಮರ ಒಣಗಿದೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ. ಬೇಲಿಯ ಒಂದು ಪಟ್ಟಿಯನ್ನು ಕಳಚಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಗೂಡಿಗೆ ಹಿಂದಿರುಗಿಸಿ, ಎರಡು ದಿನಗಳಿಗೊಮ್ಮೆ ಮತ್ತೆ ತೂಗಬೇಕು. ತೂಕ ಇಳಿಯುವುದು ನಿಂತಾಗ ಮರ ಸಿದ್ಧವಾಯಿತೆಂದರ್ಥ.

ಎಷ್ಟು ಸ್ಟೇನ್ ಬೇಕು? 20 ಅಡಿ ಉದ್ದ, 4 ಅಡಿ ಎತ್ತರದ ಬೇಲಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಉದ್ದವನ್ನು ಎತ್ತರದಿಂದ ಗುಣಿಸಿ, ಎರಡು ಮುಖಗಳೆಂದು ಇಮ್ಮಡಿಸಿದರೆ 160 ಚದರಡಿ ಬರುತ್ತದೆ. ನಡುವೆ ಸಂದುಗಳಿವೆಯಲ್ಲ, ಅಷ್ಟೂ ಬೇಡವೆಂದು ತೋರುತ್ತದೆ. ಆದರೆ ಬಿಡಿಸಿ ಲೆಕ್ಕ ಹಾಕಿದರೆ ಬೇರೆ ಉತ್ತರ ಸಿಗುತ್ತದೆ. 4 ಅಂಗುಲ ಅಗಲ, 1 ಅಂಗುಲ ದಪ್ಪದ ಪಟ್ಟಿಗಳು 2 ಅಂಗುಲ ಸಂದು ಬಿಟ್ಟು ನಿಂತಿದ್ದರೆ ಒಟ್ಟು 40 ಪಟ್ಟಿಗಳು. ಪ್ರತಿಯೊಂದಕ್ಕೆ ಎರಡು ಮುಖ, ಎರಡು ಅಂಚು ಸೇರಿ ಸುಮಾರು 3.3 ಚದರಡಿ, 40ಕ್ಕೆ 133. 3 ಅಂಗುಲಕ್ಕೆ 2 ಅಂಗುಲದ ಅಡ್ಡಪಟ್ಟಿಗಳೆರಡಕ್ಕೆ 33. 4 ಅಂಗುಲ ಚೌಕದ ಐದು ಕಂಬಗಳಿಗೆ 27. ಒಟ್ಟು 193, ಅಂದರೆ ಹೆಚ್ಚುಕಡಮೆ 200 ಚದರಡಿ. ಹಳೆಯ ಒರಟು ಮರ ಮೊದಲ ಸಲ ಬಹಳ ಕುಡಿಯುವುದರಿಂದ ಲೀಟರಿಗೆ 60 ಚದರಡಿಯಂತೆ 3.3 ಲೀಟರ್, ಎರಡನೆಯ ಸಲಕ್ಕೆ ಲೀಟರಿಗೆ 100ರಂತೆ 2 ಲೀಟರ್. ಎರಡೂ ಸೇರಿ ಐದೂಕಾಲು ಲೀಟರು. ಡಬ್ಬಿಯ ಮೇಲೆ ತಯಾರಕರು ಬೇರೆ ಪ್ರಮಾಣ ಕೊಟ್ಟಿದ್ದರೆ ಅದನ್ನೇ ಹಿಡಿಯಬೇಕು. ಎಲ್ಲವನ್ನೂ ಒಮ್ಮೆಗೇ ಕೊಂಡು ಒಂದು ಬಕೆಟ್ಟಿನಲ್ಲಿ ಬೆರೆಸಿಕೊಂಡರೆ ಡಬ್ಬಿಯಿಂದ ಡಬ್ಬಿಗೆ ಛಾಯೆ ಬದಲಾಗುವ ತೊಂದರೆಯಿಲ್ಲ.

ಕೆಲಸದ ಕ್ರಮ

ಮೊದಲು ಪರೀಕ್ಷೆ. ಕಂಬದ ಬುಡ, ಸಂದು, ತುದಿಗಳನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿನೋಡಬೇಕು. ಗಟ್ಟಿಮರ ಎದುರೊತ್ತುತ್ತದೆ, ಕೊಳೆತ ಮರದೊಳಗೆ ಮೊನೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಕೊಳೆತ ಮರಕ್ಕೆ ಬಣ್ಣ ಬಳಿಯುವುದು ರೋಗಿಗೆ ಪೌಡರು ಹಚ್ಚಿದಂತೆ. ಮಹಡಿಯ ಮೇಲಿನ ಕಟಾಂಜನ ಕೈಯಿಟ್ಟರೆ ಅಲುಗುವಂತಿದ್ದರೆ ಅದು ಕುಂಚದ ಕೆಲಸವೇ ಅಲ್ಲ. ಕೂಡಲೇ ಆ ಭಾಗಕ್ಕೆ ಹಗ್ಗ ಕಟ್ಟಿ ಯಾರೂ ಒರಗದಂತೆ ಮಾಡಿ, ಮನೆಯೊಡೆಯನಿಗೂ, ಸೆಸ್ ಕಟ್ಟುವ ಕಟ್ಟಡವಾದರೆ ಮ್ಹಾಡಾದ ದುರಸ್ತಿ ಮಂಡಳಿಗೂ ಲಿಖಿತವಾಗಿ ತಿಳಿಸಬೇಕು. ಬಣ್ಣದ ಹೊಳಪು ಕಂಡು ನಂಬಿ ಒರಗಿದವರ ಪ್ರಾಣದ ಪ್ರಶ್ನೆ ಇದು.

ಎರಡನೆಯದು ತೊಳೆಯುವುದು. ಸಾಬೂನಿನ ನೀರು, ನಾರಿನ ಬ್ರಷ್ಷು ಸಾಕು. ಪಾಚಿ ಹಿಡಿದಿದ್ದರೆ ಬ್ಲೀಚಿಂಗ್ ದ್ರಾವಣವನ್ನು ನೀರಿನಲ್ಲಿ ತೆಳುವಾಗಿಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಧಾರಾಳ ನೀರಿನಿಂದ ತೊಳೆಯಬೇಕು. ಬ್ಲೀಚಿಂಗ್ ದ್ರಾವಣವನ್ನು ಆ್ಯಸಿಡ್ ಅಥವಾ ಅಮೋನಿಯಾ ಇರುವ ಕ್ಲೀನರಿನೊಡನೆ ಎಂದೂ ಬೆರೆಸಕೂಡದು. ಹೊಮ್ಮುವ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ತೊಳೆದ ಮೇಲೆ ಒಂದು ವಾರ ಒಣಗಲು ಬಿಡಬೇಕು. ಎರಡನೆಯ ಅಥವಾ ನಾಲ್ಕನೆಯ ಶನಿವಾರದ ರಜೆಯಲ್ಲಿ ತೊಳೆದರೆ ಮುಂದಿನ ಭಾನುವಾರಕ್ಕೆ ಕೆಲಸ ಸಿದ್ಧ.

ಮೂರನೆಯದು ಉಜ್ಜುವುದು. ಬಣ್ಣ ಕಾಣದ ಮರವನ್ನು 80ನೆಯ ಅಥವಾ 100ನೆಯ ನಂಬರಿನ ಸ್ಯಾಂಡ್‌ಪೇಪರಿನಿಂದ ಗೆರೆಗಳ ದಿಕ್ಕಿನಲ್ಲೇ ಉಜ್ಜಬೇಕು. ಮರದ ಧೂಳೂ ಉಬ್ಬಸಕ್ಕೆ ಕಾರಣವಾದ್ದರಿಂದ ಮುಖಗವಸು ಇಲ್ಲಿಯೂ ಬೇಕು. ಬಳಿಕ ನಾಲ್ಕು ಹನಿ ನೀರು ಹಾಕಿ ನೋಡುವುದು: ಸ್ವಲ್ಪ ಹೊತ್ತಿನಲ್ಲಿ ಇಂಗಿದರೆ ಮರ ಸ್ಟೇನನ್ನೂ ಹೀರುತ್ತದೆ, ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ನಿಂತರೆ ಹಳೆಯ ವಾರ್ನಿಷು ಇನ್ನೂ ಉಳಿದಿದೆ.

ನಾಲ್ಕನೆಯದು ಹಚ್ಚುವುದು. ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ನೇರವಾಗಿ ಬೀಳದ ಪಕ್ಕದಿಂದ ತೊಡಗಬೇಕು. ಕಾದ ಮರದ ಮೇಲೆ ಸ್ಟೇನ್ ಇಂಗುವ ಮೊದಲೇ ಒಣಗಿ ಕಲೆಯಾಗುತ್ತದೆ. ಮೊದಲು ಕತ್ತರಿಸಿದ ತುದಿಗಳಿಗೆ ಎರಡು ಮೂರು ಬಾರಿ, ಅವು ಕುಡಿಯುವುದನ್ನು ನಿಲ್ಲಿಸುವವರೆಗೆ ಕುಡಿಸಬೇಕು. ಅನಂತರ ಒಂದು ಪಟ್ಟಿಯನ್ನು ಮೇಲಿನಿಂದ ಕೆಳತನಕ ಪೂರ್ತಿ ಮುಗಿಸಿಯೇ ಮತ್ತೊಂದಕ್ಕೆ ಹೋಗಬೇಕು. ನಡುವೆ ನಿಲ್ಲಿಸಿದರೆ ಆ ಗೆರೆ ಶಾಶ್ವತ. ಹದಿನೈದು ನಿಮಿಷದ ಬಳಿಕ ಇಂಗದೆ ಉಳಿದುದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಇಲ್ಲಿ ಜಿಪುಣತನವೂ ಬೇಡ, ಔದಾರ್ಯವೂ ಬೇಡ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾದು ಎರಡನೆಯ ಕೈ ಹಚ್ಚಬೇಕು. ಮಹಡಿಯ ಗ್ಯಾಲರಿಯಲ್ಲಿ ಕಟಾಂಜನದ ಹೊರಮುಖಕ್ಕೆ ಬಾಗಿ ಹಚ್ಚುವ ಸಾಹಸ ಸಲ್ಲದು. ಸಂದಿನಿಂದ ಕೈ ತಲುಪುವಷ್ಟೇ ಮಾಡಿ, ಉಳಿದುದನ್ನು ಪರವಾತಿ ಕಟ್ಟುವ ವೃತ್ತಿಯವರಿಗೆ ಬಿಡಬೇಕು.

ಐದನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವಂಥದು: ಎಣ್ಣೆ ಒರೆಸಿದ ಬಟ್ಟೆ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಗಾಳಿಯೊಡನೆ ಕೂಡುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಹೊರಹೋಗಲಾರದೆ, ಯಾರೂ ಕಡ್ಡಿ ಗೀರದೆಯೇ ಕೆಲವು ಗಂಟೆಗಳ ಬಳಿಕ ಬೆಂಕಿ ಹೊತ್ತಬಹುದು. ಮರದ ಮೆಟ್ಟಿಲಿನ ಚಾಳಿನಲ್ಲಿ ನಡುರಾತ್ರಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಬಟ್ಟೆಯನ್ನು ಬಿಡಿಸಿ ತಂತಿಯ ಮೇಲೆ ಬಯಲಿನಲ್ಲಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಬೇಕು.

ಬಾಟಲಿಯಲ್ಲಿ ಉಳಿದ ವಿಷ

ಟರ್ಪೆಂಟೈನ್, ಥಿನ್ನರುಗಳ ಆವಿಯಿಂದ ತಲೆನೋವು, ತಲೆಸುತ್ತು, ವಾಕರಿಕೆ ಬರುವುದುಂಟು. ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡದೆ, ಗಂಟೆಗೊಮ್ಮೆ ಗಾಳಿಗೆ ಬಂದು ಕೂರಬೇಕು. ಕೈಗೆ ಅಂಟಿದುದನ್ನು ಥಿನ್ನರಿನಿಂದ ತಿಕ್ಕುವ ಬದಲು ಅಡುಗೆಯ ಎಣ್ಣೆ ಸವರಿ ಸಾಬೂನಿನಿಂದ ತೊಳೆದರೆ ಚರ್ಮಕ್ಕೆ ಹಾನಿಯಿಲ್ಲ. ನೀರಿನಲ್ಲಿ ಕರಗುವ ಸ್ಟೇನ್ ಆರಿಸಿಕೊಂಡರೆ ಈ ತೊಂದರೆಗಳು ಅರ್ಧಕ್ಕರ್ಧ ಕಡಮೆ.

ಮಿಕ್ಕ ಥಿನ್ನರನ್ನು ಕುಡಿಯುವ ನೀರಿನ ಅಥವಾ ಶರಬತ್ತಿನ ಖಾಲಿ ಬಾಟಲಿಗೆ ಹೊಯ್ದಿಡುವುದು ನಮ್ಮ ಮನೆಗಳ ದೊಡ್ಡ ದುರಭ್ಯಾಸ. ಬಾಯಾರಿದ ಮಗು ನೀರೆಂದೇ ಗುಟುಕರಿಸುತ್ತದೆ. ಹಾಗಾದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬಾರದು. ವಾಂತಿಯಾಗುವಾಗ ದ್ರವ ಶ್ವಾಸಕೋಶಕ್ಕಿಳಿದು ಪ್ರಾಣಾಪಾಯ ತರುತ್ತದೆ. ಬಾಟಲಿಯನ್ನೂ ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಥಿನ್ನರು ತನ್ನ ಮೂಲ ಡಬ್ಬಿಯಲ್ಲಿಯೇ, ಬೀಗದ ಕಪಾಟಿನಲ್ಲಿಯೇ ಇರಲಿ.

ಕೂಲಿಯವನ ಉಸಿರು

ವಯಸ್ಸು, ಮೊಣಕಾಲು, ವೇಳೆ ಅನುಮತಿಸದೆ ಬಣ್ಣದವನನ್ನು ಕರೆಸುವವರೂ ಇದ್ದಾರೆ. ಅವರ ಹೊಣೆ ಹಣ ಕೊಡುವುದರೊಂದಿಗೆ ಮುಗಿಯುವುದಿಲ್ಲ. ದೂರದ ಹಳ್ಳಿಯಿಂದ ಬಂದ ಆ ಮನುಷ್ಯ ದಿನವಿಡೀ ಮುಖಕ್ಕೆ ಏನೂ ಕಟ್ಟದೆ ಹಳೆಯ ಬಣ್ಣ ಉಜ್ಜುತ್ತಾನೆ. ಅದೇ ಕೈಯಲ್ಲಿ ವಡಾಪಾವ್ ತಿನ್ನುತ್ತಾನೆ. ಅದೇ ಅಂಗಿಯಲ್ಲಿ ಸಂಜೆ ತನ್ನ ಮಗುವನ್ನು ಎತ್ತಿಕೊಳ್ಳುತ್ತಾನೆ. ಅವನಿಗೊಂದು ಮುಖಗವಸು, ಕೈತೊಳೆಯಲು ಸಾಬೂನು, ಒದ್ದೆಮಾಡಿ ಕೆರೆಯಲು ಬೇಕಾದ ಹೆಚ್ಚಿನ ಒಂದು ದಿನದ ಕೂಲಿ, ಇಷ್ಟನ್ನು ಕೊಡುವುದು ದಾನವಲ್ಲ, ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಬಾಕಿ. ನಗರಕ್ಕೆ ಕೂಲಿಗೆ ಬಂದವರ ಮಕ್ಕಳೇ ಇಂದು ಇಲ್ಲಿ ಮನೆಯೊಡೆಯರಾಗಿರುವಾಗ ಈ ಮಾತು ಅವರಿಗೆ ತಿಳಿಯದ್ದಲ್ಲ.

ಮರ ಮಾತನಾಡುವುದಿಲ್ಲ. ಬೂದುಬಣ್ಣಕ್ಕೆ ತಿರುಗಿ, ಬಿರಿದು, ಅಲುಗಿ ತನ್ನ ನೋವನ್ನು ತೋರಿಸುತ್ತದೆ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಅರ್ಧ ತಾಸು ಅದರ ಬಳಿ ಕುಳಿತು ತುದಿ, ಸಂದು, ಬುಡಗಳನ್ನು ಮುಟ್ಟಿನೋಡುವ ಅಭ್ಯಾಸವಿದ್ದರೆ ದೊಡ್ಡ ದುರಸ್ತಿಯ ಪ್ರಸಂಗವೇ ಅಪರೂಪ. ಆ ಅರ್ಧ ತಾಸಿನಲ್ಲಿ ಮಕ್ಕಳೂ ಜತೆಗಿರಲಿ. ಉಜ್ಜುವ ಕೆಲಸದಿಂದ ಅವರನ್ನು ದೂರವಿಟ್ಟರೂ ನೋಡಿ ಕಲಿಯುವುದರಿಂದ ದೂರವಿಡಬೇಕಾಗಿಲ್ಲ. ಊರಿನ ತಡಮೆಯನ್ನು ಕಾಣದೆ ಬೆಳೆದ ಅವರಿಗೆ, ಮನೆಯ ಮೇರೆಯನ್ನು ಕಾಯುವುದೆಂದರೆ ಏನೆಂದು ಅಷ್ಟರಮಟ್ಟಿಗಾದರೂ ತಿಳಿದೀತು.